ಇಂದ್ರಾಣಿಯ ಬದಲಾಳು

ಬಂಗಾರಪೇಟೆಯಿಂದ ಬೇತಮಂಗಲಕ್ಕೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಒಂದು ಮೈಲಿ ಒಳಗಿರುವ ಊರಿನಲ್ಲಿ ಇಂದ್ರಾಣಿಯ ಮನೆ ಎಲ್ಲಿ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ. ದೊಡ್ಡ ಮನೆತನದವಳೆಂದೇನೂ ಅಲ್ಲ. ಎರಡು ಹಸು, ಮುಕ್ಕಾಲು ಎಕರೆ ಹೊಲ, ಉಳಿದ ದಿನಗಳಲ್ಲಿ ಕೂಲಿ. ಆದರೆ ಸುತ್ತಲ ನಾಲ್ಕು ಊರಿನ ರೇಷ್ಮೆ ಮನೆಗಳವರಿಗೆ ಹುಳ ಹಣ್ಣಾದ ದಿನ ಅವಳ ಕೈ ಬೇಕೇ ಬೇಕು.

ಹುಳ ಯಾರ ಅಪ್ಪಣೆಗೂ ಕಾಯುವುದಿಲ್ಲ. ವಾರವಿಡೀ ಹಿಪ್ಪುನೇರಳೆ ಸೊಪ್ಪನ್ನು ಗರಗರ ಕಡಿದು, ಒಂದು ಬೆಳಿಗ್ಗೆ ತಿನ್ನುವುದನ್ನು ಬಿಟ್ಟು ತಲೆ ಎತ್ತಿಬಿಡುತ್ತದೆ. ಅದನ್ನು ಹಣ್ಣಾಯಿತು ಎನ್ನುತ್ತಾರೆ. ಆಗಿಂದಾಗಲೇ ಆಯ್ದು ಗೂಡು ಕಟ್ಟಲು ಬಿದಿರಿನ ತಟ್ಟಿ, ಚಂದ್ರಿಕೆಯ ಮೇಲೆ ಬಿಡದಿದ್ದರೆ ಸೊಪ್ಪಿನೊಳಗೇ ಗೂಡು ಸುತ್ತಿಕೊಂಡು ಬೆಳೆಯೆಲ್ಲ ಹಾಳು. ಯಾವುದು ಹಣ್ಣಾಗಿದೆ, ಯಾವುದಕ್ಕೆ ಇನ್ನೂ ಅರ್ಧ ದಿನ ಬೇಕು ಎನ್ನುವುದನ್ನು ಇಂದ್ರಾಣಿ ಪಕ್ಕದವಳ ಜೊತೆ ಹರಟುತ್ತಲೇ ಬೆರಳಿನಲ್ಲಿ ಮುಟ್ಟಿ ಹೇಳಬಲ್ಲಳು. ಹೊಸಬರು ಒಂದು ತಟ್ಟೆ ಮುಗಿಸುವಷ್ಟರಲ್ಲಿ ಅವಳದು ಮೂರು ಆಗಿರುತ್ತದೆ, ಮೇಲೆ ಬೈಗುಳ ಬೇರೆ.

ಈ ಕೆಲಸ ನಡೆಯುವುದು ಮುಯ್ಯಿಯ ಮೇಲೆ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಬರುತ್ತೇನೆಂದವಳಿಗೆ ಮೈ ಸರಿಯಿಲ್ಲದಿದ್ದರೆ ಆ ಮನೆಯಿಂದ ಇನ್ನೊಬ್ಬರು ಬಂದರಾಯಿತು. ಅತ್ತೆಯ ಬದಲು ಸೊಸೆ, ಅಕ್ಕನ ಬದಲು ತಂಗಿ. ಯಾರು ಬಂದರೆಂದು ಯಾರೂ ಕೇಳುವುದಿಲ್ಲ. ಆ ಮನೆಯಿಂದ ಒಂದು ಆಳು ಬಂತಲ್ಲ, ಅಷ್ಟೇ ಮರ್ಯಾದೆ. ಮದುವೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ಇಂದ್ರಾಣಿ ಒಂದು ಮುಯ್ಯಿಯನ್ನೂ ತಪ್ಪಿಸಿದವಳಲ್ಲ. ಅದೇ ಅವಳ ಹೆಮ್ಮೆ. ಅವಳನ್ನು ಗುಂಡಿಗೆ ಬೀಳಿಸಿದ್ದೂ ಅದೇ.

ಆರು ವರ್ಷದ ಹಿಂದೆ ಅವಳ ಗಂಡ ಚಲಪತಿಗೆ ಬಿಡದ ಕೆಮ್ಮು ಹಿಡಿಯಿತು. ಬೆಂಗಳೂರಿನಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸ ಮಾಡುವವನು. ಧೂಳಿಗೆ ಬಂದಿರಬೇಕು ಎಂದುಕೊಂಡರು. ಆಸ್ಪತ್ರೆಯಲ್ಲಿ ಕ್ಷಯ ಅಂದರು, ಮತ್ತೆ ರಕ್ತ ನೋಡಿ ಎಚ್‌ಐವಿ ಅಂದರು. ಎಲ್ಲಿಂದ ಬಂತು ಎಂದು ಅವಳು ಕೇಳಲಿಲ್ಲ. ಅವನು ಹೇಳಲೂ ಇಲ್ಲ. ಅವಳ ರಕ್ತ ಚೆನ್ನಾಗಿತ್ತು, ಮಗಳ ರಕ್ತವೂ ಚೆನ್ನಾಗಿತ್ತು. ಅವತ್ತು ಗಂಡಹೆಂಡಿರಿಬ್ಬರೂ ಬಾಯಿಗೆ ಬೀಗ ಹಾಕಿದವರು, ಅತ್ತೆ ಮುತ್ಯಾಲಮ್ಮನಿಗಾಗಲಿ ಮೈದುನ ಸುಧಾಕರನಿಗಾಗಲಿ ಸುಳಿವು ಬಿಟ್ಟುಕೊಟ್ಟಿರಲಿಲ್ಲ.

ದಿನಾ ಮಾತ್ರೆ ನುಂಗಿ ಚಲಪತಿ ಗುಂಡುಕಲ್ಲಿನ ಹಾಗಾದ. ತಪ್ಪದೆ ನುಂಗಿದರೆ ರೋಗ ರಕ್ತದಲ್ಲಿ ಅಡಗಿಹೋಗುತ್ತದೆ, ಹೆಂಡತಿಗೂ ದಾಟುವುದಿಲ್ಲ ಎಂದು ಡಾಕ್ಟರು ಧೈರ್ಯ ಹೇಳಿದ್ದರು. ಈ ಮಹಾರಾಯ ಹೋದ ವರ್ಷ ಮೂರು ತಿಂಗಳು ಬಿಟ್ಟ. ಕೆಲಸದ ಕಡೆ ಶೆಡ್ಡಿನಲ್ಲಿ ಜೊತೆಗಾರರು ಡಬ್ಬಿ ನೋಡಿಬಿಟ್ಟಾರೆಂದು ಹೆದರಿದನಂತೆ. ಕೆಲಸ ಬಿಟ್ಟು ಊರಿಗೆ ಬಂದವನಿಗೆ ಡಾಕ್ಟರು ಚೆನ್ನಾಗಿ ಉಗಿದರು. ಆಮೇಲೆ ಇಂದ್ರಾಣಿಯನ್ನು ಬೇರೆ ಕೂರಿಸಿಕೊಂಡು, ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಅಧ್ಯಯನ ನಡೆಯುತ್ತಿದೆ, ಇಷ್ಟವಿದ್ದರೆ ಹೋಗಿ ಕೇಳಿ ಎಂದರು.

ಬಸ್‌ಸ್ಟ್ಯಾಂಡಿನ ಹತ್ತಿರ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಆಫೀಸು. ಬೋರ್ಡಿನಲ್ಲಿ ಆರೋಗ್ಯ ಅಧ್ಯಯನ ಎಂದಷ್ಟೇ ಇತ್ತು. ಸುಮಿತಾ ಎಂಬ ಮೇಡಂ ಎರಡು ಗಂಟೆ ಕೂತು ಬಿಡಿಸಿ ಹೇಳಿದಳು. ರೋಗ ಇಲ್ಲದವರು ರೋಗ ಬಾರದ ಹಾಗೆ ತೆಗೆದುಕೊಳ್ಳುವ ಔಷಧಿ ಇದು. ಕೆಲವರಿಗೆ ದಿನಕ್ಕೊಂದು ಮಾತ್ರೆ, ಕೆಲವರಿಗೆ ಕೆಲವು ತಿಂಗಳಿಗೊಂದು ಇಂಜೆಕ್ಷನ್; ಯಾರಿಗೆ ಯಾವುದೆಂದು ಕಂಪ್ಯೂಟರು ಚೀಟಿ ಎತ್ತುತ್ತದೆ. ನಮ್ಮ ಹೆಂಗಸರಿಗೆ ಯಾವುದು ಒಗ್ಗುತ್ತದೆ, ಯಾವುದನ್ನು ತಪ್ಪದೆ ತೆಗೆದುಕೊಳ್ಳುತ್ತಾರೆ ಎಂದು ನೋಡುವುದೇ ಅಧ್ಯಯನ. ಗೊತ್ತಾದ ತಾರೀಖಿಗೆ ಬಂದು ರಕ್ತ ಕೊಡಬೇಕು. ಇಂದ್ರಾಣಿ ಇಂಜೆಕ್ಷನ್ ಬರಲಿ ಎಂದು ಮನೆದೇವರಿಗೆ ಕೈಮುಗಿದಳು. ಬಂದದ್ದು ಮಾತ್ರೆ. ಮನೆಯಲ್ಲಿ, ತನಗೆ ರಕ್ತ ಕಡಿಮೆಯಾಗಿದೆ, ಅದಕ್ಕೆ ಕೊಟ್ಟಿದ್ದಾರೆ ಎಂದು ಹೇಳಿದಳು. ಯಾರಿಗೂ ಗೊತ್ತಾಗಬಾರದೆಂದು ಆಫೀಸಿನವರು ಕೊಟ್ಟ ಕಾರ್ಡಿನಲ್ಲೂ ಹೆಸರಿರಲಿಲ್ಲ, ಫೋಟೊ ಇರಲಿಲ್ಲ, ಬರೀ ಒಂದು ನಂಬರು.

ಐದು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಆರನೆಯ ತಿಂಗಳು ರಕ್ತ ಕೊಡಬೇಕಾದ ದಿನ ಬೆಳಿಗ್ಗೆ ಮುನಿನಾರಾಯಣಪ್ಪ ಓಡಿಬಂದ. ರೇಷ್ಮೆ ಬೆಳೆಯುವ ಮನೆಯವನು. ಅವಳ ಟೊಮೇಟೊ ಕೊಯ್ಲಿಗೆ ಮನೆಮಂದಿಯನ್ನೆಲ್ಲ ಕಳಿಸಿದ್ದವನು.

"ಇಂದ್ರಾಣಮ್ಮ, ಉಳ ಎಲ್ಲಾ ಒಂದೇ ಸಲ ಅಣ್ಣಾಗ್ಬುಟ್ಟವೆ ಕಣಮ್ಮ! ಬೇಗ ಬಾ, ನೀನಿಲ್ದಿದ್ರೆ ಆಗಾಕಿಲ್ಲ."

ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ತಾರೀಖು ತಪ್ಪಿಸಬೇಡಿ ಎಂದು ಸುಮಿತಾ ಮೇಡಂ ಪ್ರತಿ ಸಲವೂ ಹೇಳಿದ್ದಳು. ಒಂದು ಫೋನು ಮಾಡಿ, ನಾಳೆ ಬರುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಅದು ಇಂದ್ರಾಣಿಗೆ ಹೊಳೆಯಲೇ ಇಲ್ಲ. ಅವಳ ಬದುಕಿನಲ್ಲಿ ಹೀಗೆ ಎರಡು ಕಡೆ ಕರೆ ಬಂದಾಗ ಮಾಡುವುದು ಒಂದೇ. ಒಲೆಯ ಮುಂದೆ ಕೂತಿದ್ದ ವಾರಗಿತ್ತಿ ರಾಧಳ ಕಡೆ ತಿರುಗಿದಳು.

ರಾಧ ಸುಧಾಕರನ ಹೆಂಡತಿ, ಇಪ್ಪತ್ತೆರಡರ ಹುಡುಗಿ. ಮೈಸೂರು ಮೈನ್ಸ್‌ನ ಲೈನ್ ಮನೆಯಲ್ಲಿ, ಅಂದರೆ ರಾಬರ್ಟ್‌ಸನ್‌ಪೇಟೆ ಪಕ್ಕದ ಚಿನ್ನದ ಗಣಿ ಕೂಲಿಗಳ ಸಾಲುಮನೆಯಲ್ಲಿ ಬೆಳೆದವಳು, ಮಾತಿನಲ್ಲಿ ಅರ್ಧ ತಮಿಳು. ಮದುವೆಯಾಗಿ ಒಂದೂವರೆ ವರ್ಷವಾದರೂ ಹುಳ ಕಂಡರೆ ಇನ್ನೂ ಮೈ ಕೊಡವಿಕೊಂಡು ಓಡುತ್ತಾಳೆ. ಅವಳನ್ನು ಮುನಿನಾರಾಯಣಪ್ಪನ ಮನೆಗೆ ಕಳಿಸುವ ಹಾಗಿರಲಿಲ್ಲ.

"ಲೇ ರಾಧ, ನನ್ ಬದ್ಲು ನೀನು ರಾಬರ್ಟ್‌ಸನ್‌ಪೇಟೆಗೆ ಓಗ್ಬುಟ್ಟು ಬತ್ತೀಯಾ? ಈ ಕಾರ್ಡ್ ತೋರ್ಸು. ಇಂದ್ರಾಣಿನಾ ಅಂದ್ರೆ ಊಂ ಅನ್ನು."

"ನನ್ ರಕ್ತ ತಗೊಂಡ್ರೆ ನಿಂದು ಎಷ್ಟೈತೆ ಅಂತ ಎಂಗ್ ಗೊತ್ತಾತದೆ ಅಕ್ಕ?"

"ಒಂದೇ ಮನೆ ಮುದ್ದೆ ತಿನ್ನೋರು, ಏನು ಮಾ ವ್ಯತ್ಯಾಸ? ಅವ್ರಿಗೆ ಲೆಕ್ಕಕ್ಕೊಂದು ಆಳು ಬೇಕು, ಅಷ್ಟೆ. ಮಾತ್ರೆ ಎಲ್ಲಾ ನುಂಗಿದ್ಯಾ ಅಂದ್ರೂ ಊಂ ಅನ್ನು."

ತವರಿನ ಕಡೆ ಹೋಗಿಬರುವ ಖುಷಿಗೆ ರಾಧ ಕೂಡಲೇ ಸೀರೆ ಬದಲಾಯಿಸಿದಳು. ಆ ವಾರ ಸುಮಿತಾ ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದಳು. ಅವಳ ಜಾಗದಲ್ಲಿದ್ದ ಹೊಸ ನರ್ಸ್ ನರೇಶ್ ಇಂದ್ರಾಣಿಯ ಮುಖ ನೋಡಿದವನಲ್ಲ. ಕಾರ್ಡಿನ ನಂಬರು ಸರಿಯಾಗಿತ್ತು. ರಕ್ತ ತೆಗೆದುಕೊಂಡ, ಮೂತ್ರ ಪರೀಕ್ಷೆ ಮಾಡಿದ. ಬಂದವರಿಗೆಲ್ಲ ಬಸುರಿನ ಪರೀಕ್ಷೆ ಮಾಡುವುದು ಅಲ್ಲಿಯ ಕ್ರಮ. ರಕ್ತದ ಫಲಿತಾಂಶ ಬೆಂಗಳೂರಿನಿಂದ ಬರಲು ಒಂದು ವಾರ ಬೇಕಿತ್ತು, ಮೂತ್ರದ್ದು ಐದೇ ನಿಮಿಷ.

ಸಂಜೆ ನಾಲ್ಕಕ್ಕೆ ರಾಧ ನೇರ ಮುನಿನಾರಾಯಣಪ್ಪನ ರೇಷ್ಮೆ ಮನೆಯ ಬಾಗಿಲಿಗೇ ಬಂದಳು. ಹುಳದ ಭಯಕ್ಕೆ ಒಳಗೆ ಕಾಲಿಡಲಿಲ್ಲ. ಹೊರಗಿನಿಂದಲೇ ಬೇಗ ಬಾ ಎಂದು ಕೈಬೀಸಿದಳು: "ಅಕ್ಕಾ, ಸೀಕ್ರಂ ವಾಕ್ಕಾ!" ಇಂದ್ರಾಣಿ ಕೈಯೊರೆಸಿಕೊಂಡು ಹೋದರೆ ಕಿವಿಯಲ್ಲಿ ಉಸುರಿದಳು. ಮುಟ್ಟು ನಿಂತು ಎರಡು ತಿಂಗಳಾಗುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ, ಅಲ್ಲಿ ಆ ನರ್ಸ್ ಹೌದು ಎಂದನಂತೆ. ಹೇಳಿ ಮುಗಿಸುವಷ್ಟರಲ್ಲಿ ಹುಡುಗಿಯ ಕಣ್ಣು ತುಂಬಿಬಂತು. ಇಂದ್ರಾಣಿಗೆ ಅವಳನ್ನು ಎತ್ತಿ ಕುಣಿಸೋಣವೆನ್ನಿಸಿತು. ಮುತ್ಯಾಲಮ್ಮ ಸುದ್ದಿ ಕೇಳಿ ದೃಷ್ಟಿ ತೆಗೆದು, ಮೂರು ತುಂಬುವವರೆಗೆ ಊರಲ್ಲಿ ಯಾರ ಕಿವಿಗೂ ಬೀಳಬಾರದು, ಆಶಾ ಕಾರ್ಯಕರ್ತೆಗೂ ಹೇಳಕೂಡದು ಎಂದು ಕಟ್ಟಪ್ಪಣೆ ಮಾಡಿದಳು.

ಒಂಬತ್ತನೆಯ ದಿನ ಫೋನು ಬಂತು.

"ಇಂದ್ರಾಣಿಯವರೇ, ನಾನು ಸುಮಿತಾ. ಇವತ್ತೇ ಬರೋಕಾಗುತ್ತಾ? ಫೋನಲ್ಲಿ ಬೇಡ, ಬನ್ನಿ ಮಾತಾಡೋಣ."

ಇಂದ್ರಾಣಿ ಕೈಗೆ ಸಿಕ್ಕ ಸೀರೆ ಉಟ್ಟು ಹೊರಟಳು. ಬಸ್ಸಿನಲ್ಲಿ ಕೂತವಳಿಗೆ ಚಲಪತಿಯ ಆ ಮೂರು ತಿಂಗಳ ನೆನಪಾಯಿತು. ಮಗಳಿಗೆ ಹನ್ನೆರಡು, ಇನ್ನೂ ಮೈನೆರೆದಿಲ್ಲ. ಇಬ್ಬರೂ ಮಲಗಿಬಿಟ್ಟರೆ ಯಾರ ಕೈಗೆ ಅವಳು? ಊರು ದಾಟಿ, ಕೆರೆ ದಾಟಿ, ರಾಬರ್ಟ್‌ಸನ್‌ಪೇಟೆ ಬರುವವರೆಗೂ ಇದೇ. ಆ ರಕ್ತ ತಾನು ಕೊಟ್ಟದ್ದಲ್ಲ ಎನ್ನುವುದು ಭಯದಲ್ಲಿ ಅವಳ ತಲೆಗೇ ಬಂದಿರಲಿಲ್ಲ.

ಸುಮಿತಾ ಬಾಗಿಲು ಹಾಕಿ ಎದುರಿಗಲ್ಲ, ಪಕ್ಕದಲ್ಲಿ ಕೂತಳು. ಆಗಲೇ ಅರ್ಥವಾಯಿತು.

"ನಿಮ್ಮ ರಕ್ತದಲ್ಲಿ ಎಚ್‌ಐವಿ ಇದೆ ಅಂತ ಬಂದಿದೆ. ಇದಕ್ಕೆ ಔಷಧಿ ಇದೆ, ನಾವಿದ್ದೀವಿ, ಹೆದರಬೇಡಿ. ಇನ್ನೊಂದು ವಿಷಯ. ನೀವು ಬಸುರಿ ಅಂತಲೂ ಬರೆದಿದೆ. ಆದರೆ ನಿಮಗೆ ಆಪರೇಷನ್ ಆಗಿದೆ ಅಂತ ಮೊದಲನೇ ದಿನ ಹೇಳಿದ್ರಲ್ಲ?"

ಒಂದು ಗಳಿಗೆ ಇಂದ್ರಾಣಿಗೆ ಏನೂ ಕೇಳಿಸಲಿಲ್ಲ. ಮರುಗಳಿಗೆ, ಅಯ್ಯೋ ಅದು ನನ್ನ ರಕ್ತವಲ್ಲ, ಎಂದು ಮೈಯೆಲ್ಲ ಹಗುರಾಗಿ ಉಸಿರು ಬಿಟ್ಟಳು. ಆ ಉಸಿರು ಪೂರ್ತಿ ಹೊರಗೆ ಹೋಗುವ ಮೊದಲೇ ರಾಧಳ ಮುಖ ಕಣ್ಣೆದುರು ಬಂತು. ಹಾಗೆ ಹಗುರಾದ ಆ ಒಂದು ಗಳಿಗೆಗಾಗಿ ಅವಳು ತನ್ನನ್ನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

"ಮತ್ತೆ ಒಂದ್ಸಲ ರಕ್ತ ತಗೊಂಡು ಖಚಿತ ಮಾಡ್ಕೋಬೇಕು," ಎಂದು ಸುಮಿತಾ ಹೇಳುತ್ತಿದ್ದಳು. "ಬಸುರು ನಿಜವಾದರೆ ಒಂದು ದಿನಾನೂ ತಡ ಮಾಡೋ ಹಾಗಿಲ್ಲ. ಈಗಲೇ ಮಾತ್ರೆ ಶುರು ಮಾಡಿದರೆ ಮಗುಗೆ ಬಾರದ ಹಾಗೆ ತಡೆಯೋಕೆ ಬಹಳ ಮಟ್ಟಿಗೆ ಆಗುತ್ತೆ. ಎಷ್ಟು ಬೇಗ ಆದರೆ ಅಷ್ಟು ಒಳ್ಳೇದು."

ಮತ್ತೆ ರಕ್ತ ತೆಗೆದರೆ ಸುಳ್ಳು ಬಯಲಾಗುತ್ತದೆ. ನಿಜ ಹೇಳಿದರೆ ರಾಧಳಿಗೆ ಇದು ಯಾವ ಆಫೀಸು ಎಂದು ತಿಳಿಯುತ್ತದೆ, ಅಲ್ಲಿಗೆ ಚಲಪತಿಯ ಕಾಯಿಲೆ ಮನೆಗೂ ಊರಿಗೂ ತಿಳಿದಂತೆಯೇ. ಇಂದ್ರಾಣಿ ಎದ್ದು ನಿಂತಳು. ನಾಳೆ ಬತ್ತೀನಿ ಮೇಡಂ, ಅಸು ಕರೀಬೇಕು, ನಾಳೆ ಬತ್ತೀನಿ, ಎನ್ನುತ್ತ ಮೆಟ್ಟಿಲಿಳಿದು ಕಳ್ಳಿಯ ಹಾಗೆ ಓಡಿಹೋದಳು. ಸುಮಿತಾ ಮೆಟ್ಟಿಲವರೆಗೂ ಬಂದು ಕೂಗಿದ್ದು ಬೆನ್ನಿಗೆ ಕೇಳಿಸಿತು.

ವಾಪಸ್ ಬಸ್ಸಿನಲ್ಲಿ ಒಂದು ಹಾಳು ಯೋಚನೆ ಹೊಕ್ಕಿತು. ಹುಡುಗಿಗೆ ಎಲ್ಲಿಂದ ಬಂತು? ಕಾಯಿಲೆ ಇರುವುದು ಮನೆಯಲ್ಲಿ ಒಬ್ಬನಿಗೆ. ಹೋದ ವರ್ಷ ಮಾತ್ರೆ ಬಿಟ್ಟು ಊರಿಗೆ ಬಂದವನು, ಇವಳು ಕೂಲಿಗೆ ಹೋದ ಹೊತ್ತಿನಲ್ಲಿ ಹಗಲೆಲ್ಲ ಮನೆಯಲ್ಲೇ ಬಿದ್ದಿರುತ್ತಿದ್ದ. ರಾಧಳೂ ಮನೆಯಲ್ಲೇ. ಛೀ, ಎಂದುಕೊಂಡಳು. ಮತ್ತೆ ಅದೇ. ಮನೆಗೆ ಬಂದರೆ ರಾಧ ಬಿಸಿ ಮುದ್ದೆ ಬಡಿಸಿ, ರಕ್ತ ಎಷ್ಟೈತಂತಕ್ಕ ಎಂದು ಕೇಳಿದಳು. ಇಂದ್ರಾಣಿ ತಟ್ಟೆ ಸರಿಸಿ ಹಸುಗಳಿಗೆ ಹುಲ್ಲು ಹಾಕಲು ಎದ್ದಳು.

ಬೆಳಿಗ್ಗೆ ಚಲಪತಿ ಹಾಲು ಕರೆಯುತ್ತಿದ್ದಾಗ ಕೊಟ್ಟಿಗೆಗೆ ಹೋಗಿ ಎದುರು ನಿಂತಳು. ಬದಲಾಳು ಕಳಿಸಿದ್ದು, ಫಲಿತಾಂಶ ಬಂದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿ, "ನಿಜ ಏಳು, ರಾಧನ ತಂಟೆಗೆ ಓಗಿದ್ಯಾ?" ಎಂದು ಕೇಳಿಯೇ ಬಿಟ್ಟಳು.

ಅವನು ಬಕೀಟು ಪಕ್ಕಕ್ಕಿಟ್ಟ. "ಥೂ! ಏನು ಮಾತಂತ ಆಡ್ತೀಯಲೇ? ಅವ್ಳು ನಂಗೆ ಮಗಳ ಲೆಕ್ಕ."

"ಮತ್ತೆ ಎಂಗ್ ಬಂತು?"

ಹಸು ತಿರುಗಿ ನೋಡಿತು. ಚಲಪತಿ ತಲೆ ತಗ್ಗಿಸಿ ಕೂತುಬಿಟ್ಟ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ, ನಾಚಿಕೆ ಇತ್ತು.

"ಸುಧಾಕರಂಗೂ ಐತೆ."

ಮೂರು ವರ್ಷದ ಹಿಂದೆ ದೊಡ್ಡಾಸ್ಪತ್ರೆಯಲ್ಲಿ ಮಾತ್ರೆಯ ಸಾಲಿನಲ್ಲಿ ಕೂತಿದ್ದಾಗ ಎದುರಿನ ಬೆಂಚಿನಲ್ಲಿ ತಮ್ಮ ಕೂತಿದ್ದನಂತೆ. ಅಣ್ಣ ತಮ್ಮನನ್ನು ನೋಡಿದ, ತಮ್ಮ ಅಣ್ಣನನ್ನು ನೋಡಿದ. ಇಬ್ಬರೂ ಮುಖ ತಿರುಗಿಸಿಕೊಂಡರು. ಮನೆಗೆ ಬಂದು ಒಂದೇ ತಟ್ಟೆಯ ಮುಂದೆ ಕೂತವರು ಅದರ ಮಾತೆತ್ತಲಿಲ್ಲ. ಆಮೇಲೆ ಒಂದೂವರೆ ವರ್ಷಕ್ಕೆ ಸುಧಾಕರನ ಮದುವೆ ಗೊತ್ತಾಯಿತು. ಅಣ್ಣನೇ ಮುಂದೆ ನಿಂತು ಚಪ್ಪರ ಹಾಕಿಸಿದ.

"ನಾನು ಬಾಯಿ ಬಿಟ್ರೆ ಅವ್ನೂ ಬಿಡ್ತಿದ್ದ ಕಣೇ. ಮಾತ್ರೆ ತಪ್ಪದೆ ತಗೋತಾನೆ, ಏನೂ ಆಗಲ್ಲ ಅಂದ್ಕೊಂಡೆ."

"ನೀನೇ ತಪ್ಪದೆ ತಗೊಳ್ಳಿಲ್ಲ! ಅವ್ನು ತಗೋತಾನೆ ಅಂತ ನಿಂಗ್ಯಾರು ಏಳಿದ್ರು?"

ಇಂದ್ರಾಣಿಗೆ ಅವನ ಕೆನ್ನೆಗೆ ಎರಡು ಬಾರಿಸಬೇಕೆನ್ನಿಸಿತು. ಆದರೆ ಬೈಯಲು ಹೊರಟರೆ ತನ್ನ ಬಾಯಿಯೂ ತಡೆಯಿತು. ಆರು ತಿಂಗಳಿಂದ ತಾನು ದಿನಾ ಒಂದು ಮಾತ್ರೆ ನುಂಗಿ ತನ್ನ ಜೀವ ಕಾಪಾಡಿಕೊಳ್ಳುತ್ತಿದ್ದಳು. ಅಂಥದ್ದೊಂದು ಔಷಧಿ ಇದೆ ಎನ್ನುವ ಮಾತೇ ಪಕ್ಕದಲ್ಲಿ ಕೂತು ರಾಗಿ ಬೀಸುವವಳಿಗೆ ಗೊತ್ತಿರಲಿಲ್ಲ. ಸುಧಾಕರನ ವಿಷಯ ತನಗೆ ಗೊತ್ತಿರಲಿಲ್ಲ ನಿಜ. ಆದರೂ ಆ ಮನೆಯಲ್ಲಿ ಎಲ್ಲರೂ ಮುಚ್ಚಿಟ್ಟು ಕೂತಿದ್ದರು, ತಾನೂ ಸೇರಿ. ಏನನ್ನೂ ಮುಚ್ಚಿಡದ ಹುಡುಗಿಗೇ ಪೆಟ್ಟು ಬಿದ್ದಿತ್ತು.

ಆ ದಿನ ಅವಳು ರಾಬರ್ಟ್‌ಸನ್‌ಪೇಟೆಗೆ ಹೋಗಲಿಲ್ಲ. ಮೂರು ಸಲ ಫೋನು ಬಂತು, ಮೂರು ಸಲವೂ ಎತ್ತಲಿಲ್ಲ. ಮನಸ್ಸು ಸುಲಭದ ದಾರಿಗಳನ್ನು ತೋರಿಸುತ್ತಿತ್ತು. ಮೂರು ತುಂಬಿದ ಮೇಲೆ ಹೇಗೂ ಆಶಾ ಕಾರ್ಯಕರ್ತೆ ರಾಧಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳೆ. ಬಸುರಿಯರಿಗೆಲ್ಲ ಅಲ್ಲಿ ಈ ಪರೀಕ್ಷೆ ಮಾಡುತ್ತಾರೆ. ಅಲ್ಲೇ ಗೊತ್ತಾಗಲಿ. ಆಗ ತನ್ನ ಹೆಸರೂ ಬರುವುದಿಲ್ಲ, ಚಲಪತಿಯ ಹೆಸರೂ ಬರುವುದಿಲ್ಲ. ಒಂದು ತಿಂಗಳು, ಒಂದೂವರೆ ತಿಂಗಳು, ಅಷ್ಟೇ ತಾನೇ? ಒಂದು ದಿನಾನೂ ತಡ ಮಾಡೋ ಹಾಗಿಲ್ಲ ಎಂಬ ಸುಮಿತಾಳ ಮಾತು ಕಿವಿಯಲ್ಲಿ ಕೂತಿತ್ತು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಮಗಳ ಜಡೆಯನ್ನು ಅರ್ಧ ಹೆಣೆದು ಬಿಟ್ಟು ಎದ್ದುಹೋದಳು.

ಮಧ್ಯಾಹ್ನ ರಾಧ ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತ, ಹೆಣ್ಣಾದರೆ ಏನು ಹೆಸರಿಡೋಣ ಅಕ್ಕ ಎಂದಳು. ಒಂದು ಎಳೆ ಬಾಯಿಗೆ ಹಾಕಿಕೊಂಡು ಹುಳಿಗೆ ಕಣ್ಣು ಮುಚ್ಚಿದಳು. ಇಂದ್ರಾಣಿ ಆ ಮುಖವನ್ನು ನೋಡಲಾರದೆ ಹಿತ್ತಿಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು ಬಂದು, "ನಾಳೆ ಬೆಳಿಗ್ಗೆ ನನ್ ಜೊತೆ ಬಾ. ಅವತ್ತು ಕೊಟ್ಟ ರಕ್ತದ ವಿಷಯ ಮಾತಾಡ್ಬೇಕಂತೆ," ಎಂದಳು.

ಮಾರನೆಯ ದಿನ ಆಫೀಸಿನ ಬೆಂಚಿನ ಮೇಲೆ ರಾಧಳನ್ನು ಕೂರಿಸಿ ಇಂದ್ರಾಣಿ ಒಬ್ಬಳೇ ಒಳಗೆ ಹೋದಳು. ಸುಮಿತಾ ಏನೋ ಕೇಳುವ ಮೊದಲೇ ಹೇಳಿದಳು.

"ಆ ರಕ್ತ ನಂದಲ್ಲ ಮೇಡಂ. ನನ್ ವಾರಗಿತ್ತೀದು. ಉಳ ಅಣ್ಣಾಗಿದ್ವು, ನನ್ ಬದ್ಲು ಅವಳ್ನ ಕಳಿಸ್ದೆ. ಒಟ್ಟೇಲಿ ಕೂಸಿರೋದು ಅವ್ಳಿಗೆ."

ಸುಮಿತಾ ಹಣೆಗೆ ಕೈ ಹಚ್ಚಿದಳು. ಅವಳಿಗೆ ಕೋಪ ಬಂದದ್ದನ್ನು ಇಂದ್ರಾಣಿ ನೋಡಿದ್ದು ಅದೇ ಮೊದಲು. "ಏನು ಮಾಡಿದ್ರಿ ಗೊತ್ತಾ? ನೀವು ದಿನಾ ಮಾತ್ರೆ ನುಂಗಿಯೂ ಕಾಯಿಲೆ ಬಂತು ಅಂತ ನಮ್ಮ ಪುಸ್ತಕಕ್ಕೆ ಹೋಗಿದೆ. ಈ ಔಷಧಿ ಕೆಲಸ ಮಾಡಲ್ಲ ಅಂತ ಬರೀತಿದ್ವಿ. ಅದನ್ನ ನಂಬಿ ನಾಳೆ ಎಷ್ಟು ಜನ ಇದನ್ನ ಬಿಡ್ತಿದ್ರೋ?" ಆಮೇಲೆ ದನಿ ತಗ್ಗಿಸಿದಳು. ತಪ್ಪು ತಮ್ಮ ಕಡೆಯದೂ ಇದೆ, ಬಂದವರು ಯಾರೆಂದು ಕಾರ್ಡು ಬಿಟ್ಟು ಬೇರೆ ರೀತಿಯಲ್ಲೂ ಕೇಳಿ ನೋಡಬೇಕಿತ್ತು ಎಂದಳು. ಮತ್ತೆ ಬಾಗಿಲ ಕಡೆ ನೋಡಿದಳು. "ಅವರಿಗೆ ಇದು ಎಂಥ ಪರೀಕ್ಷೆ ಅಂತ ಗೊತ್ತಾ?"

"ಇಲ್ಲ ಮೇಡಂ. ರಕ್ತ ಕಮ್ಮಿಗೆ ಅಂದಿದ್ದೆ."

"ಅಂದರೆ ಆ ಹುಡುಗಿಯನ್ನ ಕೇಳದೇನೇ ಈ ಪರೀಕ್ಷೆ ಆಗಿದೆ," ಎಂದಳು ಸುಮಿತಾ, ಯಾರಿಗೆ ಹೇಳಿದಳೋ.

ಇಂದ್ರಾಣಿಯ ರಕ್ತವನ್ನು ಹೊಸದಾಗಿ ತೆಗೆದುಕೊಂಡರು. ಅದು ಚೆನ್ನಾಗಿಯೇ ಇತ್ತು ಎಂದು ಆಮೇಲೆ ತಿಳಿಯಿತು. ರಾಧಳನ್ನು ಒಬ್ಬಳನ್ನೇ ಒಳಗೆ ಕರೆದರು. ಎಲ್ಲ ಬಿಡಿಸಿ ಹೇಳಿ, ಅವಳು ಒಪ್ಪಿದ ಮೇಲೆ ಅಲ್ಲೇ ಅರ್ಧ ಗಂಟೆಯಲ್ಲಿ ತಿಳಿಯುವ ಹಾಗೆ ಮತ್ತೊಮ್ಮೆ ಪರೀಕ್ಷೆ ಮಾಡುತ್ತಾರಂತೆ. ಇಂದ್ರಾಣಿ ಮೆಟ್ಟಿಲ ಮೇಲೆ ಕೂತಳು. ಕೆಳಗಡೆ ಅಂಗಡಿಯಲ್ಲಿ ಯಾರದೋ ಮದುವೆಗೆ ಪಾತ್ರೆ ಆರಿಸುತ್ತಿದ್ದರು. ಒಂದೊಂದನ್ನೂ ಬೆರಳಲ್ಲಿ ತಟ್ಟಿ ಸದ್ದು ನೋಡುತ್ತಿದ್ದರು. ಮೊದಲನೇ ಸಲದ್ದು ತಪ್ಪಾಗಿರಲಿ, ಬೆಂಗಳೂರಿನಲ್ಲಿ ಟ್ಯೂಬು ಅದಲುಬದಲಾಗಿರಲಿ ಎಂದು ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಒಂದು ಗಂಟೆ ಆಯಿತು. ಒಳಗಿನಿಂದ ಅಳುವ ಸದ್ದು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ರಾಧ ಹೊರಗೆ ಬಂದಳು. ಕೈಯಲ್ಲಿ ಒಂದು ಚೀಟಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಮಾತ್ರೆ ಶುರು ಮಾಡಬೇಕು, ಸುಮಿತಾ ಜೊತೆಗೆ ಬರುತ್ತಾಳೆ. ಹುಡುಗಿ ಇಂದ್ರಾಣಿಯ ಪಕ್ಕದ ಮೆಟ್ಟಿಲ ಮೇಲೆ ಕೂತಳು.

"ನಮ್ಮವ್ರಿಗೆ ಮದ್ವೆಗೆ ಮುಂಚೇನೇ ಗೊತ್ತಿತ್ತಾ?"

ಗೊತ್ತಿಲ್ಲ ಎಂದುಬಿಡಬಹುದಿತ್ತು. ಇಂದ್ರಾಣಿಯ ನಾಲಿಗೆಯ ತುದಿಗೆ ಅದು ಬಂದೂ ಇತ್ತು.

"ಗೊತ್ತಿತ್ತು. ನಮ್ಮೆಜಮಾನ್ರಿಗೂ ಗೊತ್ತಿತ್ತು. ಅವ್ರಿಗೂ ಇದೇ ಕಾಯಿಲೆ ಐತೆ, ಆರು ವರ್ಷದಿಂದ. ನಾನು ನುಂಗೋ ಮಾತ್ರೆ ರಕ್ತಕ್ಕಲ್ಲ ಕಣೇ, ಇದು ನಂಗೆ ಬರ್ದಿರ್ಲಿ ಅಂತ."

ರಾಧ ಅವಳನ್ನು ನೋಡಿದಳು. ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡು, "ಆಸ್ಪತ್ರೆಗೆ ಮೇಡಂ ಸಾಕು. ಅಲ್ಲಿಂದ ನಾನು ಅಮ್ಮನ ಮನೆಗೆ ಓಗ್ತೀನಿ," ಎಂದಳು. ಇಂದ್ರಾಣಿ ಎದ್ದರೆ, ಬೇಡ ಎಂದು ಕೈ ಅಡ್ಡ ಹಿಡಿದಳು. ಅಕ್ಕ ಎನ್ನಲಿಲ್ಲ. ಮನೆಗೆ ಕಾಲಿಟ್ಟಾಗಿನಿಂದ ಅಕ್ಕ ಎನ್ನದೆ ಒಂದು ಮಾತೂ ಆಡಿದವಳಲ್ಲ ಅವಳು.

ಊರಿಗೆ ಒಬ್ಬಳೇ ಬಂದ ಸೊಸೆಯನ್ನು ನೋಡಿ ಮುತ್ಯಾಲಮ್ಮ, ಎಲ್ಲೇ ಆ ಹುಡುಗಿ, ಎಂದು ಮೇಲೆದ್ದಳು. ಟೊಮೇಟೊ ಲೋಡು ಇಳಿಸಿ ಬಂದಿದ್ದ ಸುಧಾಕರ ಕೈಕಾಲು ತೊಳೆಯುತ್ತಿದ್ದ. ಇಂದ್ರಾಣಿ ಗಂಡನ ಕಡೆ ತಿರುಗಿ, "ನೀನೇ ಏಳು ನಿಮ್ಮಮ್ಮಂಗೆ. ನನ್ ಕೈಲಿ ಇನ್ನಾಗಲ್ಲ," ಎಂದು ಒಳಗೆ ಹೋಗಿ ಗೋಡೆಗೊರಗಿ ಕೂತಳು. ಹೊರಗೆ ಚಲಪತಿ ತನ್ನದನ್ನು ಹೇಳಿದ, ಆಮೇಲೆ ತಮ್ಮನ ಹೆಸರು ಹಿಡಿದು, ನೀನೂ ಬಾಯಿಬಿಡ್ಲಾ ಎಂದು ಕೂಗಿದ. ಮುದುಕಿ ಎದೆ ಬಡಿದುಕೊಂಡು ಅಳುವುದು ಕೇಳಿಸಿತು. ಮಾರನೆಯ ದಿನ ಸುಧಾಕರ ಮೈಸೂರು ಮೈನ್ಸ್‌ಗೆ ಹೋದ. ಲೈನ್ ಮನೆಯ ಬಾಗಿಲು ತೆಗೆಯಲಿಲ್ಲ. ಹಾಗೇ ವಾಪಸ್ ಬಂದ.

ಇಂದ್ರಾಣಿಯೂ ಎರಡು ಸಲ ಹೋದಳು. ರಾಧಳ ತಾಯಿ ಪಾಪಕ್ಕ ಬಾಗಿಲಲ್ಲೇ ನಿಂತು ಹಾಲು, ಸೊಪ್ಪು ಈಸಿಕೊಂಡಳು, ಒಳಗೆ ಬಾ ಎನ್ನಲಿಲ್ಲ. ಪರದೆಯ ಹಿಂದೆ ಬಳೆ ಸದ್ದಾಗುತ್ತಿತ್ತು. ಮಾತ್ರೆ ತಗೋತಾಳಾ ಎಂದು ಇಂದ್ರಾಣಿ ಕೇಳಿದರೆ, ತಗೋತಾಳೆ ಎಂದಷ್ಟೇ ಉತ್ತರ. ಆ ಒಂದು ಮಾತನ್ನು ಹಿಡಿದುಕೊಂಡು ಮನೆಗೆ ಬರುತ್ತಿದ್ದಳು. ಮಗು ಹುಟ್ಟಿ, ಅದರ ರಕ್ತ ಒಂದಲ್ಲ ನಾಲ್ಕು ಸಲ ನೋಡುವವರೆಗೆ ಏನೂ ಹೇಳಲಾಗದು ಎಂದು ಸುಮಿತಾ ಹೇಳಿದ್ದಾಳೆ. ಅಲ್ಲಿಯವರೆಗೆ ಇಂದ್ರಾಣಿಗೆ ನೆಮ್ಮದಿಯ ನಿದ್ದೆಯಿಲ್ಲ. ಅಧ್ಯಯನದಿಂದ ಅವಳನ್ನು ತೆಗೆಯಲಿಲ್ಲ, ಮೇಲಿನವರು ವಿಚಾರಣೆ ಮಾಡಿ ಉಳಿಸಿಕೊಂಡರು.

ರಾಧಳ ಬಸುರಿನ ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ಅಷ್ಟು ದಿನವಾದ ಮೇಲೆ ಅವಳ ನಂಬರು ಕಂಡು ಇಂದ್ರಾಣಿ ಕೈಯಲ್ಲಿದ್ದ ಸೊಪ್ಪು ಕೆಳಗೆ ಹಾಕಿ ಫೋನು ಎತ್ತಿದಳು.

"ರಾಧ? ಏನಾಯ್ತೇ? ಕೂಸು ಚೆನ್ನಾಗೈತಾ?"

"ಚೆನ್ನಾಗೈತೆ. ನಾಳೆ ಆಸ್ಪತ್ರೆಗೆ ಓಗ್ಬೇಕು, ರಕ್ತ ನೋಡ್ತಾರೆ. ರೋಗ ಎಷ್ಟು ಅಡಗೈತೆ ಅಂತ."

"ಊಂ."

"ಅಮ್ಮಂಗೆ ಜ್ವರ. ಒಬ್ಳೇ ಓಗಾಕೆ ಭಯ ಆತದೆ. ನೀನು ಬತ್ತೀಯಾ?"

"ಬತ್ತೀನಿ ಕಣೇ. ಬತ್ತೀನಿ."

"ನೀನೇ ಬರ್ಬೇಕು. ನಿನ್ ಬದ್ಲು ಇನ್ಯಾರ್ನೂ ಕಳಿಸ್ಬ್ಯಾಡ."

ಇಂದ್ರಾಣಿ ಫೋನು ಕೆಳಗಿಟ್ಟಳು. ಮುನಿನಾರಾಯಣಪ್ಪನ ಮನೆಯಲ್ಲಿ ಹುಳ ಮತ್ತೆ ತಲೆ ಎತ್ತುವ ಹೊತ್ತಾಗಿತ್ತು, ನಾಳೆಗೆ ಅವಳ ಮುಯ್ಯಿ ಇತ್ತು. ಚಪ್ಪಲಿ ಮೆಟ್ಟಿಕೊಂಡು ಅವನ ಮನೆಗೆ ಹೋಗಿ, ನಾಳೆ ನಾನು ಬರೋದಿಲ್ಲ, ನಮ್ಮ ಮನೆಯಿಂದ ಯಾರೂ ಬರೋದಿಲ್ಲ ಎಂದು ಹೇಳಿ ಬಂದಳು.